ನಮ್ಮ ದುಡ್ಡಿಗೆ ನಮ್ಮನ್ನೇ ಕೇಳುವುದೇ?

ಅಪ್ಪನಿಗೆ ಸಿಟ್ಟು ಬಂದರೆ ಮಾತು ನಿಂತುಹೋಗುತ್ತದೆ. ಕಳೆದ ವರ್ಷ ಒಂದು ದಿನ ಬ್ಯಾಂಕಿನಿಂದ ಮನೆ ತಲುಪುವವರೆಗೂ ಆಟೋದಲ್ಲಿ ಅವರು ತುಟಿ ಬಿಚ್ಚಲಿಲ್ಲ. ಚಪ್ಪಲಿ ಕಳಚಿ ಒಳಗೆ ಬಂದವರು ಅಮ್ಮನಿಗೆ ಹೇಳಿದ್ದು ಒಂದೇ ಮಾತು: "ನಾನು ನಾನೇ ಅಂತ ಇವತ್ತು ಮೂರು ಸಲ ರುಜುವಾತು ಮಾಡಬೇಕಾಯ್ತು ಕಣೇ."

ಆಗಿದ್ದಿಷ್ಟು. ಊರಿನ ಹಳೆ ಮನೆಯ ಮಾಡು ಬದಲಿಸಬೇಕಿತ್ತು. ಮರಕ್ಕೆ, ಹೆಂಚಿಗೆ, ಕೂಲಿಗೆ ಎಂದು ಮೂರೂವರೆ ಲಕ್ಷ ನಗದು ತೆಗೆಯಲು ಅಪ್ಪ ಚೆಕ್ ಬರೆದಿದ್ದರು. ಜೊತೆಗೆ ನಾನಿದ್ದೆ. ಕೌಂಟರಿನ ಹುಡುಗ ಚೆಕ್ ನೋಡಿದ, ಕಂಪ್ಯೂಟರ್ ನೋಡಿದ, ಮತ್ತೆ ಚೆಕ್ ನೋಡಿದ. ಸಹಿ ಹೊಂದುತ್ತಿಲ್ಲ ಎಂದ. ಹೊಂದುವುದಾದರೂ ಹೇಗೆ? ಅಲ್ಲಿದ್ದದ್ದು ಅಪ್ಪ ಹೈಸ್ಕೂಲ್ ಮೇಷ್ಟ್ರಾಗಿದ್ದಾಗ ಮಾಡಿದ ಸಹಿ. ಈಗ ಅವರಿಗೆ 78. ಕಾಫಿ ಲೋಟ ಹಿಡಿದರೂ ಕೈ ನಡುಗುತ್ತದೆ. ಇನ್ನೊಂದು ಸಹಿ ಮಾಡಿಸಿದ, ಆಧಾರ್ ಕೇಳಿದ, ಪ್ಯಾನ್ ಕೇಳಿದ, ಕೆವೈಸಿ ಅವಧಿ ಮುಗಿದಿದೆ, ಫಾರಂ ತುಂಬಬೇಕು ಎಂದ. ಅಷ್ಟನ್ನೂ ಸಹಿಸಿಕೊಂಡೆವು. ಕೊನೆಗೆ ಕೇಳಿದ: "ಇಷ್ಟೊಂದು ನಗದು ಯಾತಕ್ಕೆ ಸರ್? ಯಾರಾದರೂ ಫೋನ್ ಮಾಡಿ ತೆಗೆಯೋಕೆ ಹೇಳಿದ್ರಾ?"

ಹಿಂದೆ ಸಾಲಿನಲ್ಲಿ ಹತ್ತು ಜನ. ಎಲ್ಲರೂ ಅಪ್ಪನನ್ನೇ ನೋಡುತ್ತಿದ್ದರು. ನನಗೆ ತಡೆಯಲಾಗಲಿಲ್ಲ. "ನಮ್ಮ ದುಡ್ಡಿಗೆ ಲೆಕ್ಕ ಕೇಳೋಕೆ ನೀವ್ಯಾರ್ರೀ?" ಎಂದು ಗಟ್ಟಿಯಾಗಿಯೇ ಕೂಗಿದೆ. ಹುಡುಗ ತಲೆ ತಗ್ಗಿಸಿ, "ಕೇಳಲೇಬೇಕು ಮೇಡಂ" ಎಂದಷ್ಟೇ ಹೇಳಿದ.

ಆ ರಾತ್ರಿ ಊಟದ ಹೊತ್ತಿಗೆ ಅಪ್ಪನ ಮಾತು ಮರಳಿ ಬಂತು. ಬಂದದ್ದೆಲ್ಲ ಹಳೆಯ ಕಾಲದ ಮಾತೇ. ಉಡುಪಿಯಲ್ಲಿ 1925ರಲ್ಲಿ ಶುರುವಾದ ಸಿಂಡಿಕೇಟ್ ಬ್ಯಾಂಕು 1928ರಲ್ಲಿ ಪಿಗ್ಮಿ ಠೇವಣಿ ತಂದಿತಲ್ಲ, ದಿನಕ್ಕೆ ಎರಡಾಣೆಯಾದರೂ ಸರಿ, ಏಜೆಂಟ್ ಮನೆ ಬಾಗಿಲಿಗೇ ಬಂದು ತೆಗೆದುಕೊಂಡು ಹೋಗುತ್ತಿದ್ದ. ಆ ಏಜೆಂಟರಿಗೆ ಮನೆಯವರ ಮುಖ ಗೊತ್ತು, ಯಾವ ತಿಂಗಳು ಕೈ ಬಿಗಿ ಎಂಬುದೂ ಗೊತ್ತು. "ಆಗ ಮುಖವೇ ಗುರುತಿನ ಚೀಟಿ. ಈಗ ಚೀಟಿ ಇದ್ದರೆ ಮಾತ್ರ ಮುಖ" ಎಂದು ಅಪ್ಪ ನಿಟ್ಟುಸಿರಿಟ್ಟರು. ನಾನೂ ಹೌದೆಂದು ತಲೆಯಾಡಿಸಿದೆ.

ಇದಾಗಿ ನಾಲ್ಕು ತಿಂಗಳಿಗೆ ಚಿಕ್ಕಮ್ಮನ ಪ್ರಸಂಗ ನಡೆಯಿತು.

ಚಿಕ್ಕಮ್ಮ ಬೇರೆ ಊರಿನಲ್ಲಿ ಒಬ್ಬರೇ ಇರುವುದು. ಇರುವ ಒಬ್ಬನೇ ಮಗ ದೂರದ ನಗರದಲ್ಲಿ. ಒಂದು ಬೆಳಗ್ಗೆ ಅವರಿಗೆ ಫೋನ್ ಬಂತು. ನಿಮ್ಮ ಹೆಸರಿನ ಪಾರ್ಸೆಲಿನಲ್ಲಿ ಮಾದಕವಸ್ತು ಸಿಕ್ಕಿದೆ ಎಂದರು. ಆಮೇಲೆ ವಿಡಿಯೋ ಕರೆಯಲ್ಲಿ ಪೊಲೀಸ್ ಸಮವಸ್ತ್ರದವನೊಬ್ಬ ಕಾಣಿಸಿಕೊಂಡು, "ನಿಮ್ಮನ್ನು ಡಿಜಿಟಲ್ ಅರೆಸ್ಟ್ ಮಾಡಿದ್ದೇವೆ, ಫೋನ್ ಆಫ್ ಮಾಡುವಂತಿಲ್ಲ, ಯಾರಿಗೂ ಹೇಳುವಂತಿಲ್ಲ" ಎಂದ. ಎರಡು ದಿನ ಚಿಕ್ಕಮ್ಮ ಸರಿಯಾಗಿ ಉಣ್ಣಲಿಲ್ಲ, ಮಲಗಲಿಲ್ಲ. ಮೂರನೆಯ ದಿನ ಅಪ್ಪಣೆಯಾಯಿತು: ಠೇವಣಿ ಮುರಿಸಿ ಆರು ಲಕ್ಷ ನಗದು ತನ್ನಿ, ಪರಿಶೀಲನೆಗೆ ನಮ್ಮ ಮನುಷ್ಯ ಬಂದು ಒಯ್ಯುತ್ತಾನೆ, ನೀವು ನಿರಪರಾಧಿ ಎಂದಾದರೆ ವಾಪಸ್ ಕೊಡುತ್ತೇವೆ. ಬ್ಯಾಂಕಿನವರು ಕೇಳಿದರೆ ಮಗಳ ಮದುವೆಗೆ ಎನ್ನಿ.

ಬ್ಯಾಂಕಿನಲ್ಲಿ ಎಲ್ಲವೂ ಸುಸೂತ್ರವಾಗಿ ನಡೆಯಿತು. ಸಹಿ ಮುತ್ತಿನಂತೆ ಹೊಂದಿತು. ಆಧಾರ್ ಸರಿ, ಪ್ಯಾನ್ ಸರಿ, ಕೆವೈಸಿ ಹೊಸದು. ಕಾಗದದ ಪ್ರಕಾರ ಯಾವ ಅಡ್ಡಿಯೂ ಇರಲಿಲ್ಲ. ಆದರೆ ಆ ಶಾಖೆಯ ಅಧಿಕಾರಿಣಿ ಠೇವಣಿ ಪತ್ರ ನೋಡುತ್ತ ಸಹಜವಾಗಿ ಕೇಳಿದರಂತೆ: "ಏನಮ್ಮಾ, ಇಷ್ಟು ದುಡ್ಡು ಯಾತಕ್ಕೆ?"

"ಮಗಳ ಮದುವೆಗೆ."

"ಒಳ್ಳೆಯದಾಯ್ತು. ಮಗಳ ಹೆಸರೇನು? ಮದುವೆ ಎಲ್ಲಿ?"

ಚಿಕ್ಕಮ್ಮನಿಗೆ ಅಲ್ಲಿಗೆ ಪಾಠ ಮುಗಿದುಹೋಗಿತ್ತು. ಹೇಳಿಕೊಟ್ಟವನು ಮಗಳಿಗೆ ಹೆಸರಿಟ್ಟಿರಲಿಲ್ಲ. ಠೇವಣಿಯ ನಾಮಿನಿ ಮಗ ಎಂದು ಅಧಿಕಾರಿಣಿಯ ಮುಂದಿನ ಪರದೆ ಹೇಳುತ್ತಿತ್ತು. ಚಿಕ್ಕಮ್ಮನ ಕೈ ಮಾತ್ರ ಚೀಲದೊಳಗಿನ ಫೋನನ್ನು ಬಿಗಿಯಾಗಿ ಹಿಡಿದಿತ್ತು. ಆಕೆ ಮತ್ತೇನೂ ಕೇಳಲಿಲ್ಲ. ಚಲನ್ ಹಿಂಬದಿಯಲ್ಲಿ ಒಂದು ಸಾಲು ಬರೆದು ಮುಂದೆ ತಳ್ಳಿದರು: "ಫೋನಿನಲ್ಲಿ ಯಾರಾದರೂ ಹೆದರಿಸುತ್ತಿದ್ದಾರಾ?" ಚಿಕ್ಕಮ್ಮ ಅದನ್ನು ಓದಿ ಅಲ್ಲೇ ಅತ್ತುಬಿಟ್ಟರು. ಆ ಆರು ಲಕ್ಷ ಚಿಕ್ಕಪ್ಪ ನಿವೃತ್ತಿಯಾದಾಗ ಬಂದ ಹಣದಲ್ಲಿ ಉಳಿದಿದ್ದ ಕೊನೆಯ ಪಾಲು.

ಸುದ್ದಿ ಕೇಳಿದಾಗ ನನಗೆ ಮೊದಲು ನೆನಪಾದದ್ದು ನಮ್ಮೂರಿನ ಕೌಂಟರಿನ ಹುಡುಗನ ತಗ್ಗಿಸಿದ ತಲೆ. ಅವನು ಕೇಳಿದ್ದೂ ಇದೇ ಪ್ರಶ್ನೆ. ಗುರುತಿನ ಚೀಟಿ ಹೇಳುವುದು ಎದುರಿಗೆ ನಿಂತವರು ಯಾರೆಂದು. ಅವರ ಬೆನ್ನ ಹಿಂದೆ ಯಾರು ನಿಂತಿದ್ದಾರೆ ಎಂಬುದನ್ನು ಅದು ಹೇಳುವುದಿಲ್ಲ. ಚಿಕ್ಕಮ್ಮ ಚಿಕ್ಕಮ್ಮನೇ ಆಗಿದ್ದರು, ಅದರಲ್ಲಿ ಸುಳ್ಳಿರಲಿಲ್ಲ. ಉಳಿಸಿದ್ದು ನಾನು ಅವಮಾನ ಎಂದುಕೊಂಡಿದ್ದ ಆ ಅಧಿಕಪ್ರಸಂಗದ ಪ್ರಶ್ನೆ. ಅಪ್ಪ ಹಂಬಲಿಸುತ್ತಿದ್ದ ಪಿಗ್ಮಿ ಏಜೆಂಟ್ ಕೂಡ ಇದನ್ನೇ ಕೇಳುತ್ತಿದ್ದ, ಅಲ್ಲವೇ? "ಏನ್ ಮೇಷ್ಟ್ರೇ, ಇದ್ದಕ್ಕಿದ್ದಂತೆ ಎಲ್ಲ ತೆಗೀತಿದ್ದೀರಿ?" ಎಂದು. ಪರಿಚಯದವನು ಕೇಳಿದರೆ ಕಾಳಜಿ, ಅಪರಿಚಿತ ಕೇಳಿದರೆ ಅನುಮಾನ ಎಂದು ನಮಗೆ ಕಾಣುತ್ತದೆ, ಅಷ್ಟೇ.

ಒಂದು ಮಾತನ್ನು ಮನೆಯ ಹಿರಿಯರಿಗೆಲ್ಲ ಹೇಳಿಡಿ. ನಮ್ಮ ದೇಶದ ಕಾನೂನಿನಲ್ಲಿ ಡಿಜಿಟಲ್ ಅರೆಸ್ಟ್ ಎಂಬುದೇ ಇಲ್ಲ. 2024ರ ಅಕ್ಟೋಬರ್ 27ರ 'ಮನ್ ಕಿ ಬಾತ್'ನಲ್ಲಿ ಪ್ರಧಾನಿಯವರೂ ಇದನ್ನೇ ಹೇಳಿದ್ದರು. ಯಾವ ಪೊಲೀಸರೂ ವಿಡಿಯೋ ಕರೆಯಲ್ಲಿ ಬಂಧಿಸುವುದಿಲ್ಲ, ಯಾವ ನ್ಯಾಯಾಲಯವೂ ನಗದು ತರಿಸಿ ಪರಿಶೀಲಿಸುವುದಿಲ್ಲ. ಮೋಸ ಹೋದರೆ ನಾಚಿಕೊಂಡು ಕೂರದೆ ತಕ್ಷಣ 1930ಕ್ಕೆ ಕರೆ ಮಾಡಬೇಕು. ತಡವಾದಷ್ಟೂ ಹಣ ಕೈಯಿಂದ ಕೈಗೆ ದಾಟಿ ದೂರವಾಗುತ್ತದೆ.

ನಿಜವಾದ ಅಗತ್ಯಕ್ಕೆ ದೊಡ್ಡ ಮೊತ್ತ ತೆಗೆಯುವವರಿಗೆ, ನಾವು ಪಾಡು ಪಟ್ಟು ಕಲಿತ ಕೆಲವು ಸಂಗತಿಗಳು:

ಹಿಂದಿನ ದಿನವೇ ಶಾಖೆಗೆ ತಿಳಿಸಿ. ಸಣ್ಣ ಶಾಖೆಗಳು ಲಕ್ಷಗಟ್ಟಲೆ ನಗದು ಇಟ್ಟುಕೊಂಡಿರುವುದಿಲ್ಲ. ಆಧಾರ್, ಪ್ಯಾನ್‌ಗಳ ಮೂಲ ಪ್ರತಿ ಜೊತೆಗಿರಲಿ. ಕೆವೈಸಿ ನವೀಕರಣದ ಸಂದೇಶ ಬಂದಾಗ ಅದರಲ್ಲಿರುವ ಕೊಂಡಿ ಒತ್ತಬೇಡಿ, ಶಾಖೆಗೇ ಹೋಗಿ ವಿಚಾರಿಸಿ. ಒಂದು ಹಣಕಾಸು ವರ್ಷದಲ್ಲಿ ಒಟ್ಟು 20 ಲಕ್ಷ ಅಥವಾ ಹೆಚ್ಚು ನಗದು ತೆಗೆದರೆ ಪ್ಯಾನ್ ಅಥವಾ ಆಧಾರ್ ಕೊಡಲೇಬೇಕೆಂಬ ನಿಯಮ 2022ರಲ್ಲಿ ಬಂದಿದೆ. ಹತ್ತು ಲಕ್ಷ ಮೀರಿದ ನಗದು ವ್ಯವಹಾರದ ವರದಿಯನ್ನು ಬ್ಯಾಂಕು ಸರ್ಕಾರಕ್ಕೆ ಕಳಿಸುತ್ತದೆ. ಅದು ಆರೋಪವಲ್ಲ, ಕ್ರಮ.

ವಯಸ್ಸಾದವರ ಸಹಿ ಬದಲಾಗಿದ್ದರೆ ತುರ್ತು ಬರುವ ಮೊದಲೇ ಹೊಸ ಮಾದರಿ ಸಹಿ ಕೊಟ್ಟುಬಿಡಿ. ಸಹಿ ಮಾಡಲಾಗದಷ್ಟು ಕಾಯಿಲೆಯಿದ್ದರೆ ಹೆಬ್ಬೆಟ್ಟು ಒತ್ತಬಹುದು. ಅದನ್ನು ಇಬ್ಬರು ಸಾಕ್ಷಿಗಳು ಗುರುತಿಸಬೇಕು, ಅವರಲ್ಲಿ ಒಬ್ಬರು ಬ್ಯಾಂಕಿನ ಜವಾಬ್ದಾರಿಯುತ ಅಧಿಕಾರಿಯಾಗಿರಬೇಕು. 70 ದಾಟಿದವರಿಗೆ ಮನೆ ಬಾಗಿಲಿನಲ್ಲೇ ಸೇವೆ ಕೊಡುವಂತೆ ರಿಸರ್ವ್ ಬ್ಯಾಂಕು 2017ರಲ್ಲೇ ಬ್ಯಾಂಕುಗಳಿಗೆ ಹೇಳಿದೆ, ವಿಚಾರಿಸಿ ನೋಡಿ.

ಹಣವನ್ನು ಕೌಂಟರ್ ಬಿಡುವ ಮೊದಲು ಎಣಿಸಿ. ಹೊರಗೆ ಯಾರಾದರೂ ನಿಮ್ಮ ನೋಟು ಕೆಳಗೆ ಬಿದ್ದಿದೆ, ಅಂಗಿಗೆ ಗಲೀಜು ತಾಗಿದೆ ಎಂದರೆ ಬಗ್ಗಬೇಡಿ, ನಿಲ್ಲಬೇಡಿ. ಎಲ್ಲಕ್ಕಿಂತ ಮೊದಲು, ನಗದೇ ಬೇಕೇ ಎಂದು ಯೋಚಿಸಿ. ಒಂದೇ ವ್ಯವಹಾರಕ್ಕೆ ಒಬ್ಬರಿಂದ ಎರಡು ಲಕ್ಷ ಅಥವಾ ಹೆಚ್ಚು ನಗದು ಪಡೆಯುವುದು 2017ರ ಏಪ್ರಿಲ್‌ನಿಂದ ನಿಷಿದ್ಧ. ದಂಡ ಬೀಳುವುದು ಪಡೆದವರಿಗೆ. ನಮ್ಮ ಹೆಂಚಿನ ಅಂಗಡಿಯವರೇ ಇದನ್ನು ಹೇಳಿ ಚೆಕ್ ಕೇಳಿ ಪಡೆದರು.

ಬ್ಯಾಂಕಿನವರಿಗೂ ಒಂದು ವಿನಂತಿ ಇದೆ. ಕೇಳಿ, ಖಂಡಿತ ಕೇಳಿ. ಆದರೆ ಸಾಲಿನಲ್ಲಿ ನಿಲ್ಲಿಸಿ ಹತ್ತು ಜನರ ಮುಂದೆ ಕೇಳಬೇಡಿ. ಒಂದು ಕುರ್ಚಿ ಕೊಟ್ಟು, ದನಿ ತಗ್ಗಿಸಿ ಕೇಳಿ. ಚಿಕ್ಕಮ್ಮ ಬಾಯಿ ಬಿಟ್ಟದ್ದು ಆ ಅಧಿಕಾರಿಣಿ ಮೆತ್ತಗೆ ಕೇಳಿದ್ದರಿಂದ.

ಮೊನ್ನೆ ಅಪ್ಪ ಕ್ಯಾಲೆಂಡರಿನ ಹಳೆ ಹಾಳೆಯ ಹಿಂದೆ ಹೊಸ ಸಹಿ ಅಭ್ಯಾಸ ಮಾಡುತ್ತಿದ್ದರು. ಆರನೇ ಕ್ಲಾಸಿನ ನನ್ನ ಮಗಳು ಪಕ್ಕದಲ್ಲಿ ಕೂತು ಮಾರ್ಕು ಕೊಡುತ್ತಿದ್ದಳು. ಮಾರನೆಯ ದಿನ ಮೂವರೂ ಬ್ಯಾಂಕಿಗೆ ಹೋದೆವು. ಹೊಸ ಸಹಿ ಕೊಟ್ಟಾದ ಮೇಲೆ ನಾನು ಆ ಹುಡುಗನ ಕೌಂಟರಿಗೆ ಹೋಗಿ, "ಅವತ್ತು ಕೂಗಾಡಿದ್ದು ನನ್ನದೇ ತಪ್ಪು" ಎಂದೆ. ಅವನಿಗೆ ನನ್ನ ನೆನಪೇ ಇರಲಿಲ್ಲ. "ದಿನಾ ಯಾರಾದರೂ ಕೂಗ್ತಾರೆ ಮೇಡಂ" ಎಂದು ನಕ್ಕ.

ಅಪ್ಪ ಮನೆ ಖರ್ಚಿಗೆಂದು ಹತ್ತು ಸಾವಿರದ ಸ್ಲಿಪ್ ಬರೆಯುತ್ತಿದ್ದರು. ಮಗಳು ಸೊಂಟದ ಮೇಲೆ ಕೈಯಿಟ್ಟು ಕೇಳಿದಳು: "ತಾತಾ, ಯಾತಕ್ಕೆ? ಯಾರಾದರೂ ಫೋನ್ ಮಾಡಿದ್ರಾ?"

ಈ ಸಲ ಅಪ್ಪನಿಗೆ ಸಿಟ್ಟು ಬರಲಿಲ್ಲ. "ನಿಮ್ಮಜ್ಜಿ ಮಾಡಿದ್ಲು ಕಣೇ" ಎಂದರು.