ವೈವಾ ಎಂಬ ಗರ್ಭಗುಡಿ

ತ್ಯಾಗರಾಜನಗರದ ಯಾವ ರಸ್ತೆಗಾದರೂ ಹೋಗಿ, ಡಾಕ್ಟರುಗಳ ಬೋರ್ಡು ಓದಿ. ಎಂ.ಡಿ., ಎಂ.ಎಸ್., ಡಿ.ಎನ್.ಬಿ. ಬರೀ ಎಂ.ಬಿ.ಬಿ.ಎಸ್. ಅಂದರೆ ಈಗ ನೆಗಡಿ-ಕೆಮ್ಮಿನ ಡಾಕ್ಟರು. ಹೃದಯ, ಹೆರಿಗೆ, ಮೂಳೆ ಎಲ್ಲಾ ಈ ಹೆಚ್ಚಿನ ಅಕ್ಷರದವರ ಸ್ವತ್ತು. ಈ ಅಕ್ಷರ ಕೊಡೋರು ಯಾರು? ಹೆಂಗೆ ಕೊಡ್ತಾರೆ?

ಎಂ.ಡಿ., ಎಂ.ಎಸ್. ಕೊಡುವುದು ಇಲ್ಲೇ ಜಯನಗರದಲ್ಲಿರುವ, 1996ರಲ್ಲಿ ಹುಟ್ಟಿದ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ. ಡಿ.ಎನ್.ಬಿ. ಕೊಡುವುದು ದಿಲ್ಲಿಯ ರಾಷ್ಟ್ರೀಯ ಪರೀಕ್ಷಾ ಮಂಡಳಿ. ಅದು 1982ರಲ್ಲಿ ಸ್ವಾಯತ್ತವಾಯಿತು. ಎರಡು ಕಡೆಯೂ ಕಟ್ಟಳೆ ಒಂದೇ. ಥಿಯರಿ ಬೇರೆ, ಪ್ರಾಕ್ಟಿಕಲ್ ಬೇರೆ. ಒಂದರಲ್ಲಿ ಗೆದ್ದು ಇನ್ನೊಂದರಲ್ಲಿ ಬಿದ್ದರೆ ಬಿದ್ದಂತೆಯೇ.

ಥಿಯರಿ ಕಾಗದಕ್ಕೆ ಹೆಸರಿಲ್ಲ, ನಂಬರಷ್ಟೇ. ನಂಬರಿಗೆ ಜಾತಿ ಇಲ್ಲ. ಪ್ರಾಕ್ಟಿಕಲ್ಲಿಗೆ ಬಂದಾಗ ಮುಖ ಬರುತ್ತದೆ, ಮೈಬಣ್ಣ ಬರುತ್ತದೆ, ಹಳ್ಳಿ ಶಾಲೆಯ ಇಂಗ್ಲಿಷು ಬರುತ್ತದೆ. ವಿಶ್ವವಿದ್ಯಾಲಯದ ನಾಲ್ವರು ಪರೀಕ್ಷಕರಲ್ಲಿ ಕನಿಷ್ಠ ಇಬ್ಬರು ಹೊರಗಿನವರಿರಬೇಕು. ಉಳಿದವರು? ಮೂರು ವರ್ಷ ಮೇಷ್ಟ್ರಾಗಿದ್ದವರು. ಹುಡುಗನ ಪೂರ್ವೋತ್ತರವೆಲ್ಲ ಬಲ್ಲವರು. ಅವರೆದುರು ಮೂರು ವರ್ಷ ಬಾಯಿ ಮುಚ್ಚಿಕೊಂಡಿದ್ದವನಿಗೆ ಅರ್ಧ ಗಂಟೆಯಲ್ಲಿ ಬಾಯಿ ಬಿಡು ಅಂದರೆ ಅದು ಎಂಥಾ ಪರೀಕ್ಷೆ ಸ್ವಾಮಿ?

ಇದು ನನ್ನ ಕಲ್ಪನೆಯಲ್ಲ. ದಿಲ್ಲಿಯ ಏಮ್ಸ್ ಬಗ್ಗೆ 2007ರಲ್ಲಿ ಸುಖದೇವ್ ಥೋರಟ್ ಸಮಿತಿ ವರದಿ ಕೊಟ್ಟಿತು. ಪ್ರಾಕ್ಟಿಕಲ್, ವೈವಾಗಳಲ್ಲಿ ತಮಗೆ ನ್ಯಾಯ ಸಿಗುವುದಿಲ್ಲವೆಂದು, ಜಾತಿಯನ್ನು ನೇರವಾಗಿಯೋ ಸುತ್ತಿಬಳಸಿಯೋ ಕೇಳುತ್ತಾರೆಂದು ದಲಿತ, ಆದಿವಾಸಿ ವಿದ್ಯಾರ್ಥಿಗಳು ಅದರ ಮುಂದೆ ಹೇಳಿಕೊಂಡರು. ಮುಂಬಯಿಯ ಟೋಪಿವಾಲಾ ನ್ಯಾಷನಲ್ ಮೆಡಿಕಲ್ ಕಾಲೇಜಿನ ಆದಿವಾಸಿ ಹುಡುಗಿ ಪಾಯಲ್ ತಡ್ವಿ 2019ರ ಮೇ ತಿಂಗಳಲ್ಲಿ ಜೀವ ಕಳಕೊಂಡಳು. ಜಾತಿ ಹಿಡಿದು ಕಾಡಿದ ಆರೋಪದ ಮೇಲೆ ಮೂವರು ಹಿರಿಯ ವೈದ್ಯೆಯರ ಬಂಧನವಾಯಿತು. ಪಾಯಲ್ ಕೊನೆಯ ಪರೀಕ್ಷೆಯ ತನಕ ಬರಲೇ ಇಲ್ಲ.

ಇನ್ನು ಆ ಪರೀಕ್ಷೆಯ ಮಂಚದ ಮೇಲೆ ಮಲಗಿರೋರು ಯಾರು? ಸರ್ಕಾರಿ ಆಸ್ಪತ್ರೆಗಳಲ್ಲಿ ಅವರು ಕೂಲಿಯವರು, ಕೇರಿಯವರು, ಬೀಡಿ ಕಟ್ಟೋರು. ಡಾಕ್ಟರ ಭಾಷೆಯಲ್ಲಿ ಅವರ ಹೆಸರು ‘ಕೇಸು’. ದೊಡ್ಡ ಪಿತ್ತಜನಕಾಂಗ ‘ಒಳ್ಳೇ ಕೇಸು’. ಒಬ್ಬನಾದ ಮೇಲೊಬ್ಬ ಬಂದು ಒತ್ತುತ್ತಾನೆ, ಬಡಿದು ನೋಡುತ್ತಾನೆ. ಸುತ್ತ ನಿಂತವರು ಇಂಗ್ಲಿಷಿನಲ್ಲಿ ವಾದ ಮಾಡ್ತಾರೆ. ಮಲಗಿದವನಿಗೆ ತನ್ನ ರೋಗದ ಹೆಸರೂ ತಿಳಿಯದು. ಅವನ ಮಾತು ತಿಳಿಯುವ, ‘ಯಾವಾಗಿಂದ ನೋಯ್ತದೆ ಅಣ್ಣಾ’ ಎಂದು ಕೇಳಬಲ್ಲ ಅವನದೇ ಕೇರಿಯ ಹುಡುಗ ಪಕ್ಕದಲ್ಲಿ ನಿಂತು ಬೆವರುತ್ತಾನೆ. ಆ ಕೇಳುವಿಕೆಗೆ ಎಷ್ಟು ಮಾರ್ಕು?

ಕೂಡಲೇ ಒಂದು ಕೂಗು ಏಳುತ್ತದೆ: ಮೆರಿಟ್! ಮಿಲ್ಲರ್ ಸಮಿತಿ ಕೂತ 1918ರಲ್ಲೂ ಮೈಸೂರಿನಲ್ಲಿ ಇದೇ ಕೂಗು. ದಿವಾನ್ ವಿಶ್ವೇಶ್ವರಯ್ಯನವರೇ ಅದರ ಮುಂದಾಳು. ಸರಿ, ಮೆರಿಟ್ಟಿನ ಮಾತೇ ಆಡೋಣ. ತಜ್ಞರ ಓದಿಗೆ ಬಾಗಿಲು ನೀಟ್-ಪಿ.ಜಿ. 2023ರಲ್ಲಿ ಸೀಟು ಖಾಲಿ ಉಳಿದಾಗ ಸರ್ಕಾರ ಎಲ್ಲ ವರ್ಗಕ್ಕೂ ಅರ್ಹತೆಯನ್ನು ಸೊನ್ನೆ ಪರ್ಸೆಂಟೈಲಿಗೆ ಇಳಿಸಿತು. ಸೊನ್ನೆಗಿಂತ ಕಮ್ಮಿ ಅಂಕದವರೂ ಅರ್ಹರಾದರು. ದುಡ್ಡು ಎಣಿಸುವ ಕಾಲೇಜಿನ ಸೀಟಿಗೆ ಆಗ ಮೆರಿಟ್ ಅಡ್ಡ ಬರಲಿಲ್ಲ. ಮೀಸಲಾತಿಗೆ ಮಾತ್ರ ಬರುತ್ತದೆ!

ಅದೇ ಮಂಡಳಿ ಪ್ರಶ್ನೆಪತ್ರಿಕೆಯನ್ನು ಹೊರಗೆ ಬಿಡುವುದಿಲ್ಲ. ಸುಪ್ರೀಂ ಕೋರ್ಟು ಉತ್ತರ ಪ್ರಕಟಿಸಿ ಎಂದಾಗ 2025ರಲ್ಲಿ ಪ್ರಶ್ನೆಗಳ ಗುರುತಿನ ನಂಬರು, ಅದರ ಎದುರಿಗೆ ಉತ್ತರ ಹಾಕಿತು. ಪ್ರಶ್ನೆ ಗುಟ್ಟು, ನಂಬರು ಬಹಿರಂಗ! ಮಂತ್ರವನ್ನು ಬಾಯೊಳಗೇ ಗುನುಗಿಕೊಂಡು ದಕ್ಷಿಣೆ ಕೇಳುವ ಹಳೇ ಚಾಳಿ.

ಕನಿಕರ ಬೇಡ. ವೈವಾದ ಪ್ರತಿ ಪ್ರಶ್ನೆ, ಪ್ರತಿ ಉತ್ತರ ಧ್ವನಿಮುದ್ರಣವಾಗಲಿ. ಫೇಲಾದವನು ಕೇಳಿದರೆ ಅದನ್ನು ಕೈಗೆ ಕೊಡಲಿ. ಪ್ರತಿ ಪರೀಕ್ಷಕರ ತಂಡದಲ್ಲೂ ದಲಿತ, ಹಿಂದುಳಿದವರು ಕೂರಲಿ. ಅದಕ್ಕೂ ಮೊದಲು ಜಯನಗರದ ವಿಶ್ವವಿದ್ಯಾಲಯ ಒಂದು ಲೆಕ್ಕ ಹೊರಗಿಡಲಿ: ಕಳೆದ ಹತ್ತು ವರ್ಷದಲ್ಲಿ ಥಿಯರಿಯಲ್ಲಿ ಪಾಸಾಗಿ ಪ್ರಾಕ್ಟಿಕಲ್ಲಿನಲ್ಲಿ ಬಿದ್ದವರು ಎಷ್ಟು ಜನ, ಯಾವ ಕಾಲೇಜು, ಯಾವ ಜಾತಿ.