ಲೋಕಾರ್ಪಣೆಗೊಂಡ ವೆಬ್‌ಸೈಟಿಗೆ ದಾನಿಗಳು ಏಕೆ ಬರುವುದಿಲ್ಲ?

ಮುಂಬಯಿ ಮಹಾನಗರ ಹಾಗೂ ಉಪನಗರಗಳ ಕನ್ನಡ ಸಂಘ-ಸಂಸ್ಥೆಗಳ ವಾರ್ಷಿಕೋತ್ಸವದಲ್ಲಿ ಸ್ಮರಣ ಸಂಚಿಕೆಯ ಬಿಡುಗಡೆಯ ಜೊತೆಗೆ ಇನ್ನೊಂದು ಕಲಾಪವೂ ಸೇರಿಕೊಂಡು ಹಲವು ವರ್ಷಗಳಾದವು. ಅದು ಸಂಘದ ವೆಬ್‌ಸೈಟ್‌ನ ಲೋಕಾರ್ಪಣೆ. ಮುಖ್ಯ ಅತಿಥಿಗಳು ಗುಂಡಿ ಒತ್ತುತ್ತಾರೆ, ಪರದೆಯ ಮೇಲೆ ಸಂಘದ ಲಾಂಛನ ಮೂಡುತ್ತದೆ, ಸಭಿಕರು ಕರತಾಡನ ಮಾಡುತ್ತಾರೆ. ಮರುವರ್ಷ ಅದೇ ವಿಳಾಸ ತೆರೆದರೆ ಅಲ್ಲಿರುವುದು ಲೋಕಾರ್ಪಣೆಯ ದಿನದ ಭಾವಚಿತ್ರ ಮಾತ್ರ. ಇನ್ನೊಂದು ವರ್ಷ ಕಳೆದರೆ ವಿಳಾಸವೇ ತೆರೆದುಕೊಳ್ಳುವುದಿಲ್ಲ. ಬಳಿಕ ಮಹಾಸಭೆಯಲ್ಲಿ ಪ್ರಶ್ನೆ ಏಳುತ್ತದೆ: ಇಷ್ಟು ಖರ್ಚು ಮಾಡಿದ್ದರಿಂದ ಸಂಘಕ್ಕೆ ಬಂದ ದೇಣಿಗೆ ಎಷ್ಟು?

ಈ ಪ್ರಶ್ನೆ ಇಂದು ಹಗುರವಾದುದಲ್ಲ. ಮೊಗವೀರ ವ್ಯವಸ್ಥಾಪಕ ಮಂಡಳಿ 1902ರಲ್ಲಿ, ಮೈಸೂರು ಅಸೋಸಿಯೇಷನ್ 1926ರಲ್ಲಿ, ಕರ್ನಾಟಕ ಸಂಘ 1933ರಲ್ಲಿ ಈ ನಗರದಲ್ಲಿ ಸ್ಥಾಪನೆಗೊಂಡವು. ಅಂದಿನಿಂದ ನಮ್ಮ ಸಂಘಗಳು ನಡೆದುಬಂದಿರುವುದು ಪರಿಚಯದ ಬಲದ ಮೇಲೆ. ಕೋಶಾಧಿಕಾರಿ ರಶೀದಿ ಪುಸ್ತಕ ಹಿಡಿದು ಹೋಟೆಲಿನ ಗಲ್ಲಾದ ಮುಂದೆ ನಿಂತರೆ ಸಾಕಿತ್ತು, ಮಾಲಕರು ಕಾರಣ ಕೇಳದೆ ಕೊಡುತ್ತಿದ್ದರು. ಸ್ಮರಣ ಸಂಚಿಕೆಯ ಪೂರ್ಣಪುಟದ ಜಾಹೀರಾತು ಕೂಡ ವ್ಯಾಪಾರಕ್ಕಾಗಿ ಕೊಟ್ಟದ್ದಲ್ಲ, ಅಭಿಮಾನಕ್ಕಾಗಿ ಕೊಟ್ಟದ್ದು. ಆ ತಲೆಮಾರು ಈಗ ಹಿಂದೆ ಸರಿಯುತ್ತಿದೆ. ಅವರ ಮಕ್ಕಳು ಥಾಣೆ, ನವಿ ಮುಂಬಯಿ, ಪುಣೆ, ಬೆಂಗಳೂರು, ಅಮೆರಿಕಗಳಲ್ಲಿ ಉದ್ಯೋಗದಲ್ಲಿದ್ದಾರೆ. ಅವರಿಗೆ ಕೊಡುವ ಮನಸ್ಸಿಲ್ಲವೆಂದಲ್ಲ. ಆದರೆ ಅವರ ಮನೆ ಬಾಗಿಲಿಗೆ ರಶೀದಿ ಪುಸ್ತಕ ತಲುಪುವುದಿಲ್ಲ, ತಲುಪಿದರೂ ಹಣ ಯಾವುದಕ್ಕೆ ಎಂದು ಅವರು ಕೇಳುತ್ತಾರೆ. ವೆಬ್‌ಸೈಟ್ ಉತ್ತರಿಸಬೇಕಾದುದು ಈ ಪ್ರಶ್ನೆಗೆ.

ಇದು ನಮ್ಮೊಬ್ಬರ ಸಮಸ್ಯೆಯೂ ಅಲ್ಲ. ಕಾಣಿಕೆ ತಟ್ಟೆಗೆ ಹಾಕಲು ಜನರ ಜೇಬಿನಲ್ಲಿ ಚಿಲ್ಲರೆ ಇಲ್ಲವೆಂದು ಮನಗಂಡ ಇಂಗ್ಲೆಂಡಿನ ಆಂಗ್ಲಿಕನ್ ಚರ್ಚು 2018ರಲ್ಲಿ ತನ್ನ 16 ಸಾವಿರಕ್ಕೂ ಹೆಚ್ಚು ಆರಾಧನಾ ಸ್ಥಳಗಳಿಗೆ ಕಾರ್ಡ್ ಮತ್ತು ಮೊಬೈಲ್ ಮೂಲಕ ಕಾಣಿಕೆ ಸ್ವೀಕರಿಸುವ ಸೌಲಭ್ಯ ಒದಗಿಸಿತು. ನಮ್ಮಲ್ಲಿ ತಿರುಮಲದಂತಹ ಕ್ಷೇತ್ರಗಳಲ್ಲಿ ಇ-ಹುಂಡಿ ರೂಢಿಯಾಗಿದೆ. ಆದರೆ ದೊಡ್ಡ ಕ್ಷೇತ್ರಗಳಿಗೆ ಭಕ್ತರು ತಾವಾಗಿಯೇ ಹುಡುಕಿಕೊಂಡು ಬರುತ್ತಾರೆ. ಉಪನಗರದ ಒಂದು ಸಣ್ಣ ಸಂಘ, ಭಜನಾ ಮಂಡಳಿ ಅಥವಾ ಚರ್ಚಿನ ಸೇವಾ ಘಟಕಕ್ಕೆ ಆ ಭಾಗ್ಯವಿಲ್ಲ. ಅದು ತಾನೇ ಜನರ ಬಳಿಗೆ ಹೋಗಬೇಕು.

ಹಾಗಾದರೆ ಖರ್ಚೆಷ್ಟು? ಹಣ ಸ್ವೀಕರಿಸುವ ವ್ಯವಸ್ಥೆ ಇಂದು ಬಹಳ ಅಗ್ಗ. 2016ರಲ್ಲಿ ಆರಂಭಗೊಂಡ ಯುಪಿಐ ಮೂಲಕ ಬ್ಯಾಂಕ್ ಖಾತೆಯಿಂದ ನೇರವಾಗಿ ಬರುವ ಹಣಕ್ಕೆ 2020ರ ಜನವರಿಯಿಂದ ವ್ಯಾಪಾರಿ ಶುಲ್ಕವಿಲ್ಲ. ಕ್ರೆಡಿಟ್ ಕಾರ್ಡ್ ಮೂಲಕವೂ ಹಣ ಬೇಕೆಂದರೆ ಪೇಮೆಂಟ್ ಗೇಟ್‌ವೇ ಕಂಪೆನಿಗಳು ಸಾಮಾನ್ಯವಾಗಿ ಶೇ. 2ರ ಆಸುಪಾಸಿನಲ್ಲಿ ಶುಲ್ಕ ಮತ್ತು ಅದರ ಮೇಲೆ ಜಿಎಸ್‌ಟಿ ಪಡೆಯುತ್ತವೆ. 2020ರಲ್ಲಿ ಬಂದ ಯುಪಿಐ ಆಟೋಪೇ ಸೌಲಭ್ಯದಿಂದ ಸದಸ್ಯರು ಒಮ್ಮೆ ಒಪ್ಪಿಗೆ ಕೊಟ್ಟರೆ ತಿಂಗಳು ತಿಂಗಳು ಹಣ ತಾನಾಗಿ ಜಮೆಯಾಗುತ್ತದೆ. 500 ಸದಸ್ಯರು ತಿಂಗಳಿಗೆ ಕೇವಲ 100 ರೂಪಾಯಿ ಕೊಟ್ಟರೆ ವರ್ಷಕ್ಕೆ 6 ಲಕ್ಷ ರೂಪಾಯಿ ಆಯಿತು. ಒಬ್ಬ ಮಹಾದಾನಿಯನ್ನು ವರ್ಷವಿಡೀ ಕಾಯುವುದಕ್ಕಿಂತ ಇದು ಭದ್ರವಾದ ದಾರಿ. ಒಂದು ಸಲದ ತುರ್ತಿಗಾದರೆ ಬೆಂಗಳೂರಿನಲ್ಲಿ 2010ರಲ್ಲಿ ಹುಟ್ಟಿದ ಮಿಲಾಪ್, ಮುಂಬಯಿಯಲ್ಲಿ 2012ರಲ್ಲಿ ಹುಟ್ಟಿದ ಕೆಟ್ಟೋ ಮುಂತಾದ ವೇದಿಕೆಗಳಿವೆ. ಆದರೆ ಸಂಘದ ನಿತ್ಯದ ಖರ್ಚನ್ನು ಅವುಗಳ ಮೇಲೆ ಹೊರಿಸಲಾಗದು.

ಇಷ್ಟು ಸುಲಭವಾದರೂ ಹಣ ಬಾರದಿರಲು ಮೊದಲ ಕಾರಣ ಒಡೆತನದ ಗೊಂದಲ. ಅನೇಕ ಕಡೆ ವೆಬ್‌ಸೈಟ್‌ನ ವಿಳಾಸ ನೋಂದಣಿಯಾಗಿರುವುದು ಸಂಘದ ಹೆಸರಿನಲ್ಲಲ್ಲ, ಅದನ್ನು ಉತ್ಸಾಹದಿಂದ ಮಾಡಿಕೊಟ್ಟ ಯುವಕನ ಹೆಸರಿನಲ್ಲಿ. ಆತ ಊರು ಬಿಟ್ಟರೆ, ಇಲ್ಲವೇ ಸಮಿತಿ ಬದಲಾದರೆ ನವೀಕರಣದ ಪತ್ರ ಯಾರಿಗೂ ತಲುಪುವುದಿಲ್ಲ. ಅವಧಿ ಮುಗಿದ ವಿಳಾಸವನ್ನು ಬೇರೆ ಯಾರು ಬೇಕಾದರೂ ಕೊಳ್ಳಬಹುದು. ಸಂಘದ ಹೆಸರಿನ ಪುಟದಲ್ಲಿ ಜೂಜಿನ ಜಾಹೀರಾತು ಕಾಣಿಸಿಕೊಂಡರೆ ಅದರ ಅಪಖ್ಯಾತಿ ಸಂಘಕ್ಕೇ. ಇದಕ್ಕಿಂತ ಗಂಭೀರವಾದುದು ಕ್ಯೂಆರ್ ಕೋಡ್. ತಾತ್ಕಾಲಿಕ ಅನುಕೂಲಕ್ಕೆಂದು ಪದಾಧಿಕಾರಿಯೊಬ್ಬರ ಸ್ವಂತ ಖಾತೆಯ ಕೋಡನ್ನು ಬಳಸಿದರೆ, ಅವರು ಎಷ್ಟೇ ಪ್ರಾಮಾಣಿಕರಾಗಿದ್ದರೂ ಸಂಶಯಕ್ಕೆ ಬಾಗಿಲು ತೆರೆದಂತೆ. ಹಣ ಕಳುಹಿಸುವವರ ಮೊಬೈಲಿನಲ್ಲಿ ಸಂಘದ ಹೆಸರೇ ಕಾಣಿಸಬೇಕು.

ಎರಡನೆಯದು ರಶೀದಿ. ಆದಾಯ ತೆರಿಗೆಯ 80ಜಿ ವಿನಾಯಿತಿ ಎಂದು ವೆಬ್‌ಸೈಟಿನಲ್ಲಿ ಬರೆದರೆ ಸಾಲದು. (2026ರ ಏಪ್ರಿಲ್ 1 ಜಾರಿಯ ದಿನವಾಗಿರುವ 2025ರ ಹೊಸ ಆದಾಯ ತೆರಿಗೆ ಕಾಯ್ದೆಯಲ್ಲಿ ಕಲಂಗಳ ಸಂಖ್ಯೆ ಬೇರೆ, ಇಲ್ಲಿ ಜನರಿಗೆ ರೂಢಿಯಾದ ಹೆಸರನ್ನೇ ಬಳಸಲಾಗಿದೆ.) 2021ರ ಬಳಿಕ ಹಳೆಯ ಶಾಶ್ವತ ಅನುಮೋದನೆಗಳಿಗೆ ಬೆಲೆಯಿಲ್ಲ. ಎಲ್ಲ ಸಂಸ್ಥೆಗಳೂ ಮತ್ತೆ ನೋಂದಾಯಿಸಿಕೊಳ್ಳಬೇಕಾಯಿತು, ಹೊಸ ಅನುಮೋದನೆಗೆ ಅವಧಿಯ ಮಿತಿಯೂ ಇದೆ. 2021-22ರ ಆರ್ಥಿಕ ವರ್ಷದಿಂದ ಪ್ರತಿಯೊಬ್ಬ ದಾನಿಯ ವಿವರವನ್ನು ಇಲಾಖೆಗೆ ಸಲ್ಲಿಸಿ, ಅಲ್ಲಿಂದ ದೊರೆಯುವ ಪ್ರಮಾಣಪತ್ರವನ್ನು ದಾನಿಗೆ ಕೊಡಬೇಕೆಂಬ ನಿಯಮ ಬಂತು. 10ಬಿಡಿ ಎಂಬ ಆ ವಿವರಣ ಪಟ್ಟಿಗೆ ಮೇ 31ರ ಗಡುವು, ತಡವಾದರೆ ದಿನಕ್ಕೆ 200 ರೂಪಾಯಿ ಶುಲ್ಕ ನಿಗದಿಯಾಯಿತು. ಆದ್ದರಿಂದ ಹಣ ಪಡೆಯುವಾಗಲೇ ದಾನಿಯ ಹೆಸರು, ವಿಳಾಸ, ಪ್ಯಾನ್ ಸಂಖ್ಯೆ ಕೇಳುವ ವ್ಯವಸ್ಥೆ ಇರಬೇಕು. ಮೇ ತಿಂಗಳಲ್ಲಿ ಒಬ್ಬೊಬ್ಬರಿಗೆ ಫೋನ್ ಮಾಡುವ ಪಾಡು ಗೌರವ ಕೋಶಾಧಿಕಾರಿಗಳಿಗೇ ಗೊತ್ತು.

ದಾನಿಗಳಿಗೂ ನಿಜ ಸಂಗತಿ ತಿಳಿಸಬೇಕು. 5,001 ರೂಪಾಯಿಯ ನಗದು ಲಕೋಟೆಗೆ ವೇದಿಕೆಯಲ್ಲಿ ಶಾಲು ಹೊದಿಸಬಹುದು, ಆದರೆ ತೆರಿಗೆ ವಿನಾಯಿತಿ ಇಲ್ಲ. 2017ರಿಂದ ನಗದು ದೇಣಿಗೆಯ ಮಿತಿ 2,000 ರೂಪಾಯಿ. ಅಕ್ಕಿ, ಪುಸ್ತಕ, ಸಮವಸ್ತ್ರಗಳ ರೂಪದ ಕೊಡುಗೆಗೂ ಅದು ಅನ್ವಯಿಸದು. ಹೊಸ ತೆರಿಗೆ ಪದ್ಧತಿ ಆಯ್ದುಕೊಂಡವರಿಗೆ ಈ ವಿನಾಯಿತಿಯೇ ಇಲ್ಲ, 2023-24ರಿಂದ ಆ ಪದ್ಧತಿಯೇ ಮೂಲ ಪದ್ಧತಿಯಾಗಿದೆ. ಒಂದೇ ಜಾತಿ ಅಥವಾ ಮತೀಯ ಸಮುದಾಯದ ಹಿತಕ್ಕಾಗಿ ಎಂದು ನಿಬಂಧನೆಯಲ್ಲಿ ಬರೆದುಕೊಂಡ ಸಂಸ್ಥೆಗೆ 80ಜಿ ದೊರೆಯುವುದಿಲ್ಲ. ಪರಿಶಿಷ್ಟ ಜಾತಿ-ಪಂಗಡ, ಹಿಂದುಳಿದ ವರ್ಗ, ಮಹಿಳೆ ಮತ್ತು ಮಕ್ಕಳಿಗಾಗಿ ಇರುವ ಸಂಸ್ಥೆಗಳಿಗೆ ಈ ನಿರ್ಬಂಧವಿಲ್ಲ. ನಮ್ಮ ಅನೇಕ ಜಾತೀಯ ಸಂಘಟನೆಗಳು ತಮ್ಮ ನಿಬಂಧನೆಯನ್ನು ಲೆಕ್ಕ ಪರಿಶೋಧಕರ ಮುಂದಿಟ್ಟು ಓದಿಸುವುದು ಒಳಿತು. ಅಂದರೆ ತೆರಿಗೆಯ ಆಸೆ ತೋರಿಸಿ ಹಣ ಎತ್ತುವ ಕಾಲ ಮುಗಿಯುತ್ತಿದೆ. ಇನ್ನು ಉಳಿದಿರುವುದು ಕೆಲಸ ತೋರಿಸಿ ಕೇಳುವ ದಾರಿ.

ಮೂರನೆಯದು ವಿದೇಶದ ಹಣ. ವೆಬ್‌ಸೈಟಿಗೆ ಗಡಿಯಿಲ್ಲ, ಕಾನೂನಿಗೆ ಇದೆ. ಕೊಲ್ಲಿ ರಾಷ್ಟ್ರಗಳಲ್ಲಿ ದುಡಿಯುವ, ಭಾರತದ ಪಾಸ್‌ಪೋರ್ಟ್ ಹೊಂದಿರುವ ನಮ್ಮ ಬಂಧು ತನ್ನ ಉಳಿತಾಯದಿಂದ ಬ್ಯಾಂಕ್ ಮೂಲಕ ಕಳುಹಿಸಿದರೆ ಅದು ವಿದೇಶಿ ದೇಣಿಗೆಯಲ್ಲ. ಅದೇ ಅಮೆರಿಕದ ಪೌರತ್ವ ಪಡೆದ ಮಗ ತಂದೆಯ ಹೆಸರಿನಲ್ಲಿ ವಿದ್ಯಾರ್ಥಿವೇತನಕ್ಕೆ ನೂರು ಡಾಲರ್ ಕಳುಹಿಸಿದರೆ, ಆತನ ಬಳಿ ಓಸಿಐ ಕಾರ್ಡ್ ಇದ್ದರೂ ಅದು ವಿದೇಶಿ ದೇಣಿಗೆ. 2010ರ ಎಫ್‌ಸಿಆರ್‌ಎ ಕಾಯ್ದೆಯಂತೆ ಅನುಮತಿ ಇಲ್ಲದೆ ಅದನ್ನು ಸ್ವೀಕರಿಸುವುದು ಅಪರಾಧ. 2020ರ ತಿದ್ದುಪಡಿಯ ಬಳಿಕ ಅಂತಹ ಹಣ ಮೊದಲು ಸ್ಟೇಟ್ ಬ್ಯಾಂಕಿನ ಹೊಸದಿಲ್ಲಿ ಮುಖ್ಯ ಶಾಖೆಯಲ್ಲಿ ತೆರೆದ ಖಾತೆಗೇ ಬರಬೇಕು. ನೋಂದಣಿ ಬೇಕೆಂದರೆ ಸಂಸ್ಥೆಗೆ ಮೂರು ವರ್ಷ ತುಂಬಿರಬೇಕು, ಆ ಅವಧಿಯಲ್ಲಿ ತನ್ನ ಉದ್ದೇಶಗಳಿಗೆ 15 ಲಕ್ಷ ರೂಪಾಯಿ ವೆಚ್ಚ ಮಾಡಿರಬೇಕು. ಸಣ್ಣ ಸಂಘಗಳಿಗೆ ಇದು ಎಟುಕದ ಮಾತು. ಅವು ದೇಣಿಗೆಯ ಪುಟದಲ್ಲಿ ‘ಭಾರತೀಯ ನಾಗರಿಕರಿಂದ ಮಾತ್ರ’ ಎಂದು ಸ್ಪಷ್ಟವಾಗಿ ಬರೆದು ನೂರು ಡಾಲರನ್ನು ವಿನಯದಿಂದ ನಿರಾಕರಿಸುವುದೇ ಕ್ಷೇಮ. ಹಿರಿಯ ಸಂಘಗಳ ನೋಂದಣಿಯನ್ನು ಅಪಾಯಕ್ಕೆ ಒಡ್ಡುವಷ್ಟು ದೊಡ್ಡ ಮೊತ್ತ ಅದಲ್ಲ.

ಇನ್ನು ಪ್ರಚಾರದ ಮಾತು. ನುಡಿ, ಬರಹಗಳ ಹಳೆಯ ಅಕ್ಷರ ಶೈಲಿಯಲ್ಲಿ ಡಿಟಿಪಿ ಮಾಡಿಸಿದ ವರದಿಯನ್ನು ಚಿತ್ರವಾಗಿಸಿ ವೆಬ್‌ಸೈಟಿಗೆ ಏರಿಸಿದರೆ ಗೂಗಲ್ ಹುಡುಕಾಟದಲ್ಲಿ ಅದು ಸುಲಭವಾಗಿ ಸಿಗದು. ಯೂನಿಕೋಡ್ ಕನ್ನಡದಲ್ಲಿ ಬರೆದರೆ ಸಿಗುತ್ತದೆ. ಕನ್ನಡ ಓದಲು ಬಾರದ ಮೂರನೇ ತಲೆಮಾರಿಗಾಗಿ ಅದೇ ವಿಷಯ ಇಂಗ್ಲಿಷಿನಲ್ಲೂ ಇರಲಿ. ಅರ್ಹ ಸೇವಾ ಸಂಸ್ಥೆಗಳಿಗೆ ತಿಂಗಳಿಗೆ 10 ಸಾವಿರ ಡಾಲರ್ ಮೌಲ್ಯದವರೆಗಿನ ಹುಡುಕಾಟದ ಜಾಹೀರಾತನ್ನು ಗೂಗಲ್ ಉಚಿತವಾಗಿ ನೀಡುವ ಯೋಜನೆಯೂ ಇದೆ. ಆದರೆ ಜಾಹೀರಾತು ನೋಡಿ ಬಂದವರಿಗೆ ತೋರಿಸಲು ಏನಾದರೂ ಇರಬೇಕಲ್ಲ! ವೇದಿಕೆಯ ಗಣ್ಯರ ಸಾಲು ನೋಡಿ ಯಾರೂ ಹಣ ಕೊಡುವುದಿಲ್ಲ. ‘ಸಮಾಜ ಸೇವೆಗೆ ನೆರವಾಗಿ’ ಎಂಬ ಸಾಲಿಗಿಂತ, ಈ ವರ್ಷ ಎಷ್ಟು ಮಕ್ಕಳಿಗೆ ವಿದ್ಯಾರ್ಥಿವೇತನ, ಒಂದು ಮಗುವಿಗೆ ಎಷ್ಟು, ಈವರೆಗೆ ಸಂಗ್ರಹವಾದುದೆಷ್ಟು, ಇನ್ನೂ ಬೇಕಾದುದೆಷ್ಟು ಎಂಬ ನಾಲ್ಕು ಅಂಕಿಗಳು ಹೆಚ್ಚು ಕೆಲಸ ಮಾಡುತ್ತವೆ. ಅವುಗಳ ಕೆಳಗೆ ಕಳೆದ ಮೂರು ವರ್ಷಗಳ ಪರಿಶೋಧಿತ ಲೆಕ್ಕಪತ್ರವಿರಲಿ. ಮಹಾಸಭೆಯಲ್ಲಿ ಹೇಗೂ ಓದಿ ಅಂಗೀಕರಿಸುವ, ಚಾರಿಟಿ ಕಮಿಷನರ್ ಕಚೇರಿಗೆ ಸಲ್ಲಿಸುವ ಲೆಕ್ಕವನ್ನು ದಾನಿಯಿಂದ ಮುಚ್ಚಿಡುವುದೇಕೆ? ಫಲಾನುಭವಿ ಮಕ್ಕಳ ಹೆಸರು, ಭಾವಚಿತ್ರ ಮಾತ್ರ ಬೇಡ. ನೆರವು ಪಡೆದವರ ಮಾನವೂ ಸಂಘದ ಹೊಣೆ.

ಇಷ್ಟೆಲ್ಲ ಹೊಣೆಯನ್ನು ಒಬ್ಬ ಉತ್ಸಾಹಿಯ ಹೆಗಲಿಗೆ ಹಾಕಿ ಸಮಿತಿ ಕೈ ತೊಳೆದುಕೊಳ್ಳುವಂತಿಲ್ಲ. ಮುಂದಿನ ಮಹಾಸಭೆಯ ಕಾರ್ಯಸೂಚಿಯಲ್ಲಿ ಮೂರು ನಿರ್ಣಯಗಳಿಗೆ ಜಾಗ ಕೊಡಬಹುದು: ವೆಬ್‌ಸೈಟ್‌ನ ವಿಳಾಸ, ಪಾಸ್‌ವರ್ಡ್‌ಗಳು ಸಂಘದ ದಾಖಲೆಗೆ ಸೇರಿ ಪದಾಧಿಕಾರ ಹಸ್ತಾಂತರದ ದಿನ ರಶೀದಿ ಪುಸ್ತಕದಂತೆಯೇ ಹಸ್ತಾಂತರಗೊಳ್ಳಬೇಕು, ದೇಣಿಗೆ ಸಂಘದ ಖಾತೆಗೆ ಮಾತ್ರ ಬರಬೇಕು, ಮೂರು ತಿಂಗಳಿಗೊಮ್ಮೆ ಜಮಾ-ಖರ್ಚು ಪ್ರಕಟವಾಗಬೇಕು. ಯುವ ವಿಭಾಗಕ್ಕೆ ಕೆಲಸ, ಹಿರಿಯರಿಗೆ ಮೇಲ್ವಿಚಾರಣೆ ಎಂದು ಹಂಚಿಕೊಂಡರೆ ಎರಡು ತಲೆಮಾರುಗಳು ಒಂದೇ ಮೇಜಿನ ಸುತ್ತ ಕೂರುವ ಅವಕಾಶವೂ ಒದಗಿದಂತಾಗುತ್ತದೆ. ಅಂದು ಹೋಟೆಲ್ ಮಾಲಕರು ಕೊಟ್ಟದ್ದು ರಶೀದಿ ಪುಸ್ತಕ ನೋಡಿ ಅಲ್ಲ, ಅದನ್ನು ಹಿಡಿದವರ ಮುಖ ನೋಡಿ. ಮುಖ ಪರಿಚಯವಿಲ್ಲದ ಅವರ ಮೊಮ್ಮಕ್ಕಳಿಗೆ ಆ ನಂಬಿಕೆಯನ್ನು ಒದಗಿಸಬಲ್ಲುದು ತೆರೆದಿಟ್ಟ ಲೆಕ್ಕ ಮಾತ್ರ.