ಹಿರಿಯರ ಮೇಲಿನ ನಿಗಾಕ್ಕೆ ಹಿರಿಯರದೇ ಸಮ್ಮತಿ ಇರಲಿ

ಮನೆಯೊಳಗೆ ಹರಡುವ ನಿಸ್ತಂತು ತರಂಗಗಳು ಮನುಷ್ಯದೇಹಕ್ಕೆ ತಾಗಿ ಪ್ರತಿಫಲಿಸುತ್ತವೆ. ಆ ಪ್ರತಿಫಲನವನ್ನು ವಿಶ್ಲೇಷಿಸಿ ನಡಿಗೆ, ನಿದ್ರೆ, ಉಸಿರಾಟಗಳನ್ನು ಅಳೆಯಬಹುದೆಂದು, ಬಿದ್ದದ್ದನ್ನೂ ಗುರುತಿಸಬಹುದೆಂದು ಅಮೆರಿಕದ ಎಂಐಟಿಯ ಪ್ರೊ. ದೀನಾ ಕತಾಬಿ ಅವರ ತಂಡ ತೋರಿಸಿಕೊಟ್ಟಿದೆ. ಇದಕ್ಕೆ ಕ್ಯಾಮೆರಾ ಬೇಡ, ಮೈಮೇಲೆ ಉಪಕರಣವೂ ಬೇಡ. ಮಕ್ಕಳು ವಿದೇಶದಲ್ಲಿದ್ದು, ಬೆಂಗಳೂರಿನಂಥ ನಗರಗಳಲ್ಲಿ ಒಂಟಿಯಾಗಿ ಬಾಳುತ್ತಿರುವ ಹಿರಿಯರಿಗೆ ಈ ತಂತ್ರಜ್ಞಾನ ಆಸರೆಯಾಗಬಲ್ಲದು.

ಆದರೆ ತಾಯಿ ರಾತ್ರಿ ಎಷ್ಟು ಸಲ ಎದ್ದರು ಎಂಬುದೂ ಖಾಸಗಿ ಮಾಹಿತಿಯೇ. ಖಾಸಗಿತನ ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟ್ 2017ರಲ್ಲಿ ಸಾರಿತು; ಅರವತ್ತು ದಾಟಿದೊಡನೆ ಆ ಹಕ್ಕು ಮಕ್ಕಳಿಗೆ ವರ್ಗವಾಗುವುದಿಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೂ ಸಮ್ಮತಿಗೆ ಒತ್ತು ನೀಡಿದೆ. ಆದರೆ ವ್ಯಕ್ತಿಯೊಬ್ಬರು ಕೌಟುಂಬಿಕ ಉದ್ದೇಶಕ್ಕೆ ಮಾಡುವ ದತ್ತಾಂಶ ಬಳಕೆಗೆ ಅದು ಅನ್ವಯಿಸದು. ಆದ್ದರಿಂದ ಕಾನೂನು ಕೇಳದಿದ್ದರೂ ಮಕ್ಕಳು ಕೇಳಬೇಕು. ಬೇಡವೆನಿಸಿದಾಗ ಉಪಕರಣವನ್ನು ಆರಿಸುವ ಅಧಿಕಾರ ಹಿರಿಯರಲ್ಲೇ ಉಳಿಯಬೇಕು.

ಇನ್ನೊಂದು ಮಾತು. ತಂದೆ ಬಿದ್ದ ಸುದ್ದಿ ಕ್ಷಣಮಾತ್ರದಲ್ಲಿ ಸಾಗರ ದಾಟೀತು. ಎತ್ತಿ ಕೂರಿಸಲು ಮಾತ್ರ ನೆರೆಮನೆಯವರೇ ಬರಬೇಕು. ಉಪಕರಣ ಕೊಳ್ಳುವ ಮುನ್ನ ಆ ನೆರೆಯವರ ಪರಿಚಯ ಮಾಡಿಕೊಳ್ಳುವುದು ವಿವೇಕ.